ಮೊದಲು ದುಡ್ಡು, ಆಮೇಲೆ ದೋಸೆ

ಬೆಂಗಳೂರಿಗೆ ಹೋದವನು ಆ ಹೋಟೆಲಿನಲ್ಲಿ ದೋಸೆ ತಿನ್ನದೆ ಹಿಂದಿರುಗಿದರೆ ಮುಂಬಯಿಯಲ್ಲಿ ತಲೆಯೆತ್ತಿ ತಿರುಗಾಡುವಂತಿಲ್ಲ ಎನ್ನುವ ಕಾಲ ಬಂದಿದೆ. ಡೊಂಬಿವಲಿಯ ನಮ್ಮ ಕಟ್ಟಡದ ಗುಜರಾತಿ ನೆರೆಯವರು ಅಲ್ಲಿ ತಿಂದು ಬಂದಿದ್ದಾರೆ. ಕಚೇರಿಯ ಮರಾಠಿ ಹುಡುಗರು ವಿಮಾನದಿಂದ ಇಳಿದವರೇ ಸಾಮಾನು ಸರಂಜಾಮಿನ ಸಮೇತ ನೇರ ಅಲ್ಲಿಗೆ ಹೋದವರು. “ನೀವು ಕರ್ನಾಟಕದವರಲ್ಲವೇ, ಅಲ್ಲಿನ ದೋಸೆ ಹೇಗನಿಸಿತು?” ಎಂದು ಅವರು ಕೇಳಿದಾಗಲೆಲ್ಲ ಮಾತು ತೇಲಿಸಿ ಸಾಗಹಾಕುತ್ತಿದ್ದೆ. ಉಡುಪಿ ಕಡೆಯವನಾಗಿ ದೋಸೆಯ ವಿಷಯದಲ್ಲಿ ಗುಜರಾತಿಗಳಿಂದ ವರದಿ ಕೇಳಿಸಿಕೊಳ್ಳುವ ಸ್ಥಿತಿ ಅಷ್ಟೇನೂ ಗೌರವದ್ದಲ್ಲ. ಹಾಗಾಗಿ ತಂಗಿಯ ಹೊಸ ಮನೆಯ ಒಕ್ಕಲಿಗೆಂದು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದಾಗಲೇ, ಈ ಸಲ ಈ ಬಾಕಿ ತೀರಿಸಿಯೇ ಬರುವುದು ಎಂದು ನಿಶ್ಚಯಿಸಿದ್ದೆ.

ಹೋಟೆಲಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇದು ಒಬ್ಬ ಮಾಲೀಕರ ಮೇಲಿನ ದೂರಾಗುತ್ತದೆ. ಅದೇ ಅಚ್ಚಿನವು ಬೆಂಗಳೂರಿನಲ್ಲಿ ಈಗ ಬಡಾವಣೆಗೊಂದರಂತೆ ಎದ್ದಿವೆ; ನನ್ನ ತಕರಾರು ಆ ಅಚ್ಚಿನ ಮೇಲೆ.

ತಂಗಿಯ ಮಗ ಭಾನುವಾರ ಬೆಳಿಗ್ಗೆ ಕರೆದುಕೊಂಡು ಹೋದ. ಅಷ್ಟು ಹೊತ್ತಿಗೇ ಪಾದಚಾರಿ ಮಾರ್ಗ ತುಂಬಿ ಜನ ರಸ್ತೆಗಿಳಿದಿದ್ದರು. ಮೊದಲ ಸಾಲು ಬಿಲ್ಲಿಗೆ. ಅಲ್ಲಿ ಮೊಬೈಲಿನಲ್ಲಿ ದುಡ್ಡು ಕಳಿಸಿ ಚೀಟಿ ಪಡೆದರೆ ಎರಡನೆಯ ಸಾಲು ದೋಸೆಗೆ. ದೋಸೆ ಕೈಗೆ ಬಂದ ಮೇಲೆ ಮೂರನೆಯದು, ಸಾಲೆಂದು ಕರೆಯಲಾಗದ ಒಂದು ನೂಕಾಟ: ತಟ್ಟೆ ಇಡಲು ಗ್ರಾನೈಟ್ ಕಟ್ಟೆಯ ಮೇಲೆ ಒಂದು ಗೇಣು ಜಾಗಕ್ಕಾಗಿ. ಜಾಗ ಸಿಕ್ಕವರ ಬೆನ್ನ ಹಿಂದೆ ಮುಂದಿನವರು ತಟ್ಟೆ ಹಿಡಿದು ನಿಂತಿರುತ್ತಾರೆ; ನಾವು ಎಷ್ಟು ತುತ್ತು ಉಳಿಸಿಕೊಂಡಿದ್ದೇವೆ ಎಂಬ ಲೆಕ್ಕ ಅವರ ಬಳಿ ಇರುತ್ತದೆ.

ಕಾವಲಿಯ ಮುಂದೆ ಕಾಯುವಾಗ ಬೇಸರವಾಗಲಿಲ್ಲ, ನಿಜ ಹೇಳಬೇಕು. ಉದ್ದನೆಯ ಕಬ್ಬಿಣದ ಕಾವಲಿ, ಅದರ ಹಿಂದೆ ಇಬ್ಬರು. ಒಬ್ಬ ನೀರು ಚಿಮುಕಿಸಿ ಕಡ್ಡಿ ಪೊರಕೆಯಿಂದ ಒಂದೇ ಎಳೆತಕ್ಕೆ ಗುಡಿಸುತ್ತಾನೆ. ಇನ್ನೊಬ್ಬ ಹಿಟ್ಟು ಹುಯ್ದು ಬಟ್ಟಲಿನ ತಳದಿಂದ ಸುತ್ತು ಹೊಡೆಸಿ, ಮುಂದಿನ ಹಿಟ್ಟು, ಮುಂದಿನ ಸುತ್ತು, ಹೀಗೆ ಸಾಲಾಗಿ ಬಿಡುತ್ತಾ ಹೋಗುತ್ತಾನೆ. ಆಮೇಲೆ ಪುಡಿ, ಆಮೇಲೆ ಪಲ್ಯದ ಉಂಡೆ, ಕೊನೆಗೆ ಜಗ್ಗಿನಿಂದ ತುಪ್ಪ. ತುಪ್ಪದ ಘಟ್ಟ ಬಂದಾಗ ನನ್ನ ಮುಂದಿದ್ದವರೆಲ್ಲ ಮೊಬೈಲು ಎತ್ತಿದರು. ಮೊಬೈಲುಗಳು ಎದ್ದದ್ದನ್ನು ನೋಡಿ ಆ ಹುಡುಗ ಜಗ್ಗನ್ನು ಇನ್ನೊಂದು ಮೊಳ ಮೇಲಕ್ಕೆತ್ತಿದ. ಧಾರೆ ಉದ್ದವಾಯಿತು, ಬೆಳಗಿನ ಬಿಸಿಲು ಅದರೊಳಗಿನಿಂದ ಹಾದುಬಂತು, ಎಲ್ಲರಿಗೂ ಒಳ್ಳೆಯ ಚಿತ್ರ ಸಿಕ್ಕಿತು. ನನಗೆ ಮಾತ್ರ ಕಣ್ಣು ಹೋದದ್ದು ಬೇರೆ ಕಡೆ: ಹೊಯ್ದ ತುಪ್ಪ ದೋಸೆಯ ಮೇಲೆ ಚುರುಗುಟ್ಟಲಿಲ್ಲ. ಸುಮ್ಮನೆ ಕೆರೆಯಂತೆ ನಿಂತಿತು.

ತಿಂದಾಗ ತಿಳಿಯಿತು ಏಕೆಂದು. ಅಂಚು ಗರಿಗರಿ, ನೋಟಕ್ಕೆ ಹೊಂಬಣ್ಣ, ಆದರೆ ಪಲ್ಯ ಕೂತಿದ್ದ ನಡುಭಾಗ ಹಲ್ಲಿಗೆ ಅಂಟುತ್ತಿತ್ತು. ಹಿಟ್ಟಿಗೆ ಹುಳಿಯ ಸುಳಿವೇ ಇಲ್ಲ. ರಾತ್ರಿಯಿಡೀ ಹುದುಗು ಬಂದ ಹಿಟ್ಟಿಗೆ ಒಂದು ವಾಸನೆ ಇರುತ್ತದೆ, ಮೆಂತ್ಯ ಹಾಕಿದ್ದರೆ ಅದರದ್ದೂ ಒಂದು ಎಳೆ ಇರುತ್ತದೆ; ಇದರಲ್ಲಿ ತುಪ್ಪ ಮತ್ತು ಪುಡಿಯ ಬೆಳ್ಳುಳ್ಳಿ ಬಿಟ್ಟರೆ ಮೂಗಿಗೆ ಏನೂ ಸಿಗಲಿಲ್ಲ. ಕಾರಣ ಹುಡುಕಲು ಜ್ಯೋತಿಷಿ ಬೇಕಿಲ್ಲ. ಹೊರಗೆ ಅಷ್ಟು ಜನ ನಿಂತಿದ್ದರೆ ಕಾವಲಿಗೆ ಉಸಿರಾಡಲು ಬಿಡುವಿಲ್ಲ. ಪ್ರತಿ ಸರದಿಗೂ ನೀರು ಬಿದ್ದು ಕಬ್ಬಿಣ ತಣಿಯುತ್ತದೆ, ಮತ್ತೆ ಕಾಯುವ ಮೊದಲೇ ಮುಂದಿನ ಹಿಟ್ಟು ಬೀಳುತ್ತದೆ. ಕಾದ ಕಾವಲಿಯಲ್ಲಿ ಅಂಚಿನಿಂದ ಬಿಟ್ಟ ತುಪ್ಪ ದೋಸೆಯ ಅಡಿಗೆ ಹರಿದು ಅದನ್ನು ಹುರಿಯುತ್ತದೆ. ಬೆಂದ ಮೇಲೆ ನೆತ್ತಿಗೆ ಹುಯ್ದ ತುಪ್ಪ ದೋಸೆಯನ್ನು ನೆನೆಸುತ್ತದೆ, ಅಷ್ಟೇ. ಇದು ನನ್ನ ಅಜ್ಜಿಯ ಕಾಲದಿಂದ ಯಾವ ಅಡುಗೆಯವನಿಗೂ ಹೇಳಿಕೊಡಬೇಕಾಗಿಲ್ಲದ ವಿಷಯ. ಆ ಹುಡುಗನಿಗೂ ಗೊತ್ತಿರಲೇಬೇಕು. ಆದರೆ ಅಂಚಿನಿಂದ ಬಿಟ್ಟ ತುಪ್ಪ ಚಿತ್ರದಲ್ಲಿ ಕಾಣುವುದಿಲ್ಲವಲ್ಲ!

ಚಟ್ನಿ ನೀರಾಗಿತ್ತು. ಸಾಂಬಾರು ಉಗುರುಬೆಚ್ಚಗಿತ್ತು. ವಡೆ ಚೆನ್ನಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ನನ್ನನ್ನು ಹೆಚ್ಚು ಕೆರಳಿಸಿದ್ದು ಕಾಫಿ. ಕೆಟ್ಟದಾಗಿತ್ತೆಂದಲ್ಲ. ದೋಸೆ ತಿಂದ ಮೇಲೆ ಕಾಫಿ ಬೇಕೋ ಬೇಡವೋ, ಒಂದು ಬೇಕೋ ಇಬ್ಬರಿಗೆ ಹಂಚಿದರೆ ಸಾಕೋ ಎನ್ನುವುದನ್ನು ಹೊಟ್ಟೆ ಆ ಹೊತ್ತಿಗೆ ತೀರ್ಮಾನಿಸಬೇಕು. ಇಲ್ಲಿ ಅದನ್ನು ಹಸಿದುಕೊಂಡು ನಿಂತಾಗಲೇ, ಬಿಲ್ಲಿನ ಕಿಂಡಿಯ ಮುಂದೆ, ಹಿಂದಿನವರು ಗಂಟಲು ಸರಿಮಾಡಿಕೊಳ್ಳುತ್ತಿರುವಾಗ ತೀರ್ಮಾನಿಸಬೇಕು. ಆಗಲೇ ಚೀಟಿ ಪಡೆದು ದೋಸೆಯ ಜೊತೆಗೇ ಕಾಫಿ ತಂದರೆ ಅದು ತಟ್ಟೆಯ ಪಕ್ಕದಲ್ಲಿ ಆರುತ್ತದೆ. ಆಮೇಲೆ ಬೇಕೆನಿಸಿದರೆ ಮತ್ತೆ ಮೊದಲ ಸಾಲಿನ ಬಾಲಕ್ಕೆ ಹೋಗಬೇಕು. ಜಾಗ ಬಿಟ್ಟುಹೋದರೆ ಜಾಗ ಹೋಯಿತು. ಅಕ್ಕಪಕ್ಕದಲ್ಲಿ ನೋಡಿದೆ. ಆರಿದ ಕಾಫಿ ಕುಡಿಯುತ್ತಿದ್ದವರು ಹಲವರಿದ್ದರು, ಎರಡನೆಯ ಸಲ ಸಾಲಿಗೆ ನಿಂತವರು ಒಬ್ಬರೂ ಕಾಣಲಿಲ್ಲ. ಬೈ ಟು ಕಾಫಿಯನ್ನು ಕಂಡುಹಿಡಿದ ಊರಿನಲ್ಲಿ ಹೀಗೆ!

ಅರ್ಧ ದೋಸೆ ಉಳಿಸಿ ತಟ್ಟೆ ಹಿಡಿದುಕೊಂಡೇ ಕಾವಲಿಯ ಬಳಿ ಹೋಗಿ, “ನಡುವೆ ಬೆಂದಿಲ್ಲ, ನೋಡಿ” ಎಂದೆ. ತಟ್ಟೆ ಕೊಡುವ ಹುಡುಗ ಕನ್ನಡದಲ್ಲಿ ಅರ್ಥ ಮಾಡಿಕೊಂಡು ಹಿಂದಿಯಲ್ಲಿ ಉತ್ತರಿಸಿದ: ಬಿಲ್ಲಿನ ಕಿಂಡಿಯಲ್ಲಿ ಹೇಳಬೇಕಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಒಡಿಶಾದ ಯಾವುದೋ ಹಳ್ಳಿಯಿಂದ ಬಂದು ಆ ಬಿಸಿಯ ಮುಂದೆ ಬೆಳಗಿನ ಜಾವದಿಂದ ನಿಂತವನು. ಬಿಲ್ಲಿನ ಹುಡುಗಿ ವಿನಯವಾಗಿಯೇ ಇದ್ದಳು. “ಸರ್, ಬಿಲ್ ಆಗಿಬಿಟ್ಟಿದೆ” ಎಂದಳು. ಆಮೇಲೆ ಕಂಬಕ್ಕೆ ಅಂಟಿಸಿದ್ದ ಒಂದು ಚೌಕ ಚೌಕದ ಸಂಕೇತವನ್ನು ತೋರಿಸಿ, ಅಲ್ಲಿ ಅಭಿಪ್ರಾಯ ಬರೆಯಬಹುದು ಎಂದಳು. ಮೊಬೈಲು ಹಿಡಿದರೆ ಮೊದಲು ನನ್ನ ಹೆಸರು, ಆಮೇಲೆ ಸಂಖ್ಯೆ, ಆಮೇಲೆ ಹುಟ್ಟಿದ ದಿನ ಕೇಳಿತು. ಬೇಯದ ದೋಸೆಗೂ ನನ್ನ ಜಾತಕಕ್ಕೂ ಏನು ಸಂಬಂಧವೋ! ಕೊನೆಯಲ್ಲಿ ಐದು ನಕ್ಷತ್ರ ಬಂದವು. ಎಷ್ಟು ಒತ್ತಬೇಕೆಂದು ಯೋಚಿಸುವಷ್ಟರಲ್ಲಿ ಅಳಿಯ ತೋಳು ಹಿಡಿದು ಎಳೆದುಕೊಂಡು ಹೋದ.

ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ಇದು ಹೀಗೆ ನಡೆಯುವುದಿಲ್ಲ ಎನ್ನುವಾಗ, ಅಲ್ಲಿನ ಅಡುಗೆ ಮೇಲು ಎಂದು ನಾನು ಹೇಳುತ್ತಿಲ್ಲ. ಮುಂಬಯಿಯ ‘ಮೈಸೂರು ಮಸಾಲೆ’ಯನ್ನು ಮೈಸೂರಿಗೆ ಒಯ್ದರೆ ಯಾರೂ ಗುರುತು ಹಿಡಿಯುವುದಿಲ್ಲ. ಕೆಂಪು ಚಟ್ನಿ ಇರಲಿ, ಅದರ ಮೇಲೆ ಬೆಣ್ಣೆ, ಬೀಟ್‌ರೂಟು, ಕೆಲವೆಡೆ ಪನೀರು. ಪಾವ್ ಭಾಜಿಯನ್ನು ದೋಸೆಯೊಳಗೆ ಸುತ್ತಿ ಕೊಡುವವರು ನಮ್ಮವರೇ. ಶೆಜ್ವಾನ್ ದೋಸೆ ಎಂಬ ವಿಚಿತ್ರಕ್ಕೂ ನಮ್ಮ ಕರಾವಳಿಯ ಶೆಟ್ಟರೇ ಹೊಣೆಗಾರರು ಎಂದು ನನ್ನ ಬಲವಾದ ಗುಮಾನಿ. ಒಬ್ಬನೇ ಹೋದರೆ ಅಪರಿಚಿತರ ಮೇಜಿಗೆ ತಳ್ಳುತ್ತಾರೆ. ಕೊನೆಯ ತುತ್ತು ಬಾಯಲ್ಲಿರುವಾಗಲೇ ಮೇಜು ಒರೆಸುತ್ತಾರೆ.

ಆದರೆ ಅಲ್ಲಿ ದುಡ್ಡು ಕೊನೆಗೆ.

ಈ ಒಂದು ಕ್ರಮದಿಂದ ಎಷ್ಟು ಸಂಗತಿಗಳು ಬದಲಾಗುತ್ತವೆ ನೋಡಿ. ಮಾಟುಂಗಾದ ಹೆಸರಾದ ಹೋಟೆಲುಗಳ ಮುಂದೆಯೂ ಭಾನುವಾರ ಜಾತ್ರೆಯೇ. 1940ರಲ್ಲಿ ಶುರುವಾದ ಕೆಫೆ ಮದ್ರಾಸಿನ ಎದುರು ಜನ ಕಾಯುವುದನ್ನು ನೋಡಿದರೆ ಅಲ್ಲಿ ಏನೋ ಹಂಚುತ್ತಿದ್ದಾರೆ ಎನಿಸಬೇಕು. ಆದರೆ ಬಾಗಿಲಲ್ಲಿ ಒಬ್ಬ ಮನುಷ್ಯ ನಿಂತಿರುತ್ತಾನೆ. ಹೆಸರು, ಎಷ್ಟು ಜನ ಎಂದು ಬರೆದುಕೊಳ್ಳುತ್ತಾನೆ, ಮೇಜು ಖಾಲಿಯಾದಾಗ ಕರೆಯುತ್ತಾನೆ. ಅಲ್ಲಿಯವರೆಗೆ ಕಾಯುವುದು ಅವನ ಜವಾಬ್ದಾರಿ, ನೀವು ಎದುರು ಬದಿಯಲ್ಲಿ ಹೂವಿನ ಅಂಗಡಿ ನೋಡಿಕೊಂಡಿರಬಹುದು. ಒಳಗೆ ಕೂತ ಮೇಲೆ ಸಪ್ಲೈಯರ್ ಒಂದು ಸಲ ಮುಖ ನೋಡುತ್ತಾನೆ. ದೋಸೆ ಮೆತ್ತಗಿದೆಯೆಂದರೆ ತಟ್ಟೆ ಹಿಂದಕ್ಕೆ ಹೋಗುತ್ತದೆ, ಗೊಣಗಿಕೊಂಡೇ ಹೋದರೂ ಹೋಗುತ್ತದೆ. ಏಕೆಂದರೆ ನನ್ನ ಜೇಬಿನ ದುಡ್ಡು ಇನ್ನೂ ನನ್ನ ಜೇಬಿನಲ್ಲೇ ಇದೆ. ಕೊನೆಯಲ್ಲಿ ಬಿಲ್ಲು ಹಿಡಿದು ಗಲ್ಲಾದ ಮುಂದೆ ನಿಂತು, ಸೋಂಪು ಬಾಯಿಗೆ ಹಾಕಿಕೊಳ್ಳುವಾಗ, ಅಲ್ಲಿ ಕೂತವರಿಗೆ ಒಂದು ಮಾತು ಹೇಳಬಹುದು. ಕೂತವರು ಮಾಲೀಕರು, ಇಲ್ಲವೇ ಅವರ ತಮ್ಮ, ಇಲ್ಲವೇ ಭಾವ.

ನಮ್ಮ ಡೊಂಬಿವಲಿಯ ಹೋಟೆಲಿನಲ್ಲಿ ಒಮ್ಮೆ ಮಧ್ಯಾಹ್ನದ ಸಾಂಬಾರು ಹಳಸುವ ಹಾದಿಯಲ್ಲಿತ್ತು. ಗಲ್ಲಾದಲ್ಲಿದ್ದವರಿಗೆ ಹೇಳಿದೆ. ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, ಒಳಗಿನಿಂದ ಒಂದು ಚಮಚ ತರಿಸಿ ನಾಲಿಗೆಗೆ ಹಚ್ಚಿ ನೋಡಿದರು. ನನಗೆ ಏನೂ ಹೇಳಲಿಲ್ಲ. ಅಡುಗೆಮನೆಯ ಕಡೆ ತುಳುವಿನಲ್ಲಿ ಎರಡು ಮಾತು ಗುಡುಗಿದರು. ಅದರ ಅನುವಾದ ಇಲ್ಲಿ ಕೊಡುವಂತಿಲ್ಲ. ಪಾತ್ರೆ ಇಳಿಯಿತು. ಮೇಜುಗಳ ಮೇಲಿದ್ದ ಬಟ್ಟಲುಗಳೂ ಎದ್ದವು. ಅಂದು ಉಳಿದವರಿಗೆಲ್ಲ ಚಟ್ನಿಯೇ ಗತಿ. ನನ್ನ ಬಿಲ್ಲಿನಲ್ಲಿ ಒಂದು ರೂಪಾಯಿ ಕಡಿಮೆ ಮಾಡಲಿಲ್ಲ, ನಾನು ಕೇಳಲೂ ಇಲ್ಲ.

ಈ ಮಾತನ್ನೇ ಅಳಿಯನಿಗೆ ಹೇಳಿದಾಗ ಅವನು ನಕ್ಕ. “ಮಾವ, ನಿಮಗೆ ಬೇಕಾಗಿರುವುದು ದೋಸೆಯಲ್ಲ, ಗುರುತು. ಗಲ್ಲಾದವರು ನಿಮ್ಮನ್ನು ನೋಡಿ ತಲೆಯಾಡಿಸಬೇಕು. ಅಷ್ಟು ಮಾಡಿದರೆ ನೀವು ಹಸಿ ದೋಸೆಯನ್ನೂ ತಿನ್ನುತ್ತೀರಿ.”

“ಹಸಿ ದೋಸೆ ತಿಂದದ್ದು ನಾವಿಬ್ಬರೂ ಈಗಷ್ಟೇ ಮಾರಾಯ, ತಲೆಯಾಡಿಸಿದವರು ಯಾರೂ ಇರಲಿಲ್ಲ” ಎಂದೆ.

ಆದರೆ ಅವನ ಮಾತನ್ನು ತಳ್ಳಿಹಾಕಲಾಗದು. ಅವನ ಇನ್ನೊಂದು ವಾದ ಇನ್ನೂ ಗಟ್ಟಿಯಾಗಿತ್ತು. ಹಳೆಯ ಹೋಟೆಲುಗಳ ಆ ಗುರುತು ಎಲ್ಲರಿಗೂ ಒಂದೇ ಬೆಲೆಗೆ ಸಿಗುತ್ತಿತ್ತೇ? ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಜಾಗ ಎಂಬ ಹೋಟೆಲುಗಳು ನಮ್ಮ ಹಿರಿಯರು ಕಂಡಂಥವೇ. ಕೆಲವರನ್ನು ಒಳಗೇ ಬಿಡುತ್ತಿರಲಿಲ್ಲ. ಚೀಟಿ ಕೊಟ್ಟರೆ ದೋಸೆ ಕೊಡುವ ಕಿಂಡಿ ಯಾರ ಮುಖವನ್ನೂ ಓದುವುದಿಲ್ಲ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿಯನ್ನು ತೆರೆದು, ನಿಂತು ತಿನ್ನುವ ಈ ಪದ್ಧತಿಯನ್ನು ಬೆಂಗಳೂರಿಗೆ ಕೊಟ್ಟಾಗ ಆದ ಉಪಕಾರ ಸಣ್ಣದಲ್ಲ. ಮೇಜು ಕುರ್ಚಿ ಬೇಡ, ಸಪ್ಲೈಯರ್ ಬೇಡ, ಆ ಖರ್ಚು ಉಳಿದು ಇಡ್ಲಿ ಅಗ್ಗವಾಯಿತು. ಅಡುಗೆ ಕಣ್ಣೆದುರಿಗೆ ಬಂತು. ಆಟೋ ಓಡಿಸುವವರೂ ಬ್ಯಾಂಕಿನ ಮ್ಯಾನೇಜರರೂ ಒಂದೇ ಕಟ್ಟೆಗೆ ಮೊಣಕೈ ಊರಿದರು. ಬೆಂಗಳೂರಿಗೆ ಹೋದಾಗಲೆಲ್ಲ ನಾನು ತಿಂಡಿ ತಿನ್ನುವುದು ಇಂಥ ದರ್ಶಿನಿಗಳಲ್ಲೇ. ಅವು ಮೊದಲು ದುಡ್ಡು ತೆಗೆದುಕೊಳ್ಳುತ್ತವೆ, ನಾನು ಮರುಮಾತಿಲ್ಲದೆ ಕೊಡುತ್ತೇನೆ.

ಹಾಗಾದರೆ ತಕರಾರೇನು? ಬಡಾವಣೆಯ ದರ್ಶಿನಿಯಲ್ಲಿ ಟೋಕನ್ ಹರಿಯುವವರು ಮತ್ತು ಮಾಲೀಕರು ಬಹುಮಟ್ಟಿಗೆ ಒಬ್ಬರೇ. ಅವರು ಕೂತಲ್ಲಿಂದ ನಿಮ್ಮ ತಟ್ಟೆ ಕಾಣುತ್ತದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಡೆಯುತ್ತಿದೆ. ಕೂರಲು ಜಾಗವಿಲ್ಲ, ಸಾಂಬಾರೂ ಇಲ್ಲ, ಜನ ರಸ್ತೆಯಂಚಿನಲ್ಲಿ ನಿಂತು ತಿನ್ನುತ್ತಾರೆ. ಆದರೆ ಚಟ್ನಿ ಮುಗಿದ ತಟ್ಟೆ ಹಿಡಿದು ಹೋದರೆ ಅದಕ್ಕೆಂದೇ ನಿಂತ ಒಬ್ಬರು ಮತ್ತೆ ಹುಯ್ಯುತ್ತಾರೆ. ಅಲ್ಲಿ ಹೋಟೆಲಿಗೂ ನನಗೂ ನಡುವೆ ಎರಡನೆಯ ಸಲ, ಮೂರನೆಯ ಸಲ ಎಂಬ ವ್ಯವಹಾರ ಉಳಿದಿದೆ. ಮಾಟುಂಗಾ ನಿಲ್ದಾಣದ ಬಳಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿಯೂ ಊಟಕ್ಕೆ ಮೊದಲೇ ಕೂಪನ್. ನನ್ನ ವಾದಕ್ಕೆ ಇದು ಅಡ್ಡ ಬರುತ್ತದೆ ಎಂದು ಅಳಿಯ ಬೆರಳು ಮಡಚಿ ತೋರಿಸಿದ. ಬರಲಿ. ಅಲ್ಲಿ ಕೂಪನ್ ಕೊಟ್ಟು ಎಲೆಯ ಮುಂದೆ ಕೂತ ಮೇಲೆ ಬಡಿಸುವವರು ಮತ್ತೆ ಮತ್ತೆ ಬರುತ್ತಾರೆ. ಸಾರು ಮುಟ್ಟದೆ ಬಿಟ್ಟರೆ ಕಾಣುತ್ತದೆ, ಪಲ್ಯ ಮೂರು ಸಲ ಹಾಕಿಸಿಕೊಂಡರೂ ಕಾಣುತ್ತದೆ. ಎಲೆ ಎತ್ತುವವರೆಗೂ ಆ ಊಟ ಅವರದೂ ಹೌದು. ನಾನು ಹೋದ ಹೊಸ ಹೋಟೆಲಿನಲ್ಲಿ ಚೀಟಿ ಹರಿದ ಕ್ಷಣಕ್ಕೆ ಹೋಟೆಲಿನ ಮಟ್ಟಿಗೆ ವ್ಯವಹಾರ ಮುಗಿದಿತ್ತು. “ಬಿಲ್ ಆಗಿಬಿಟ್ಟಿದೆ” ಎಂದು ಆ ಹುಡುಗಿ ಹೇಳಿದ್ದು ಅಕ್ಷರಶಃ ಸತ್ಯ.

ಇದಕ್ಕಿಂತ ಮುಖ್ಯವಾದದ್ದು ಸಾಲಿನಲ್ಲಿ ಯಾರಿದ್ದರು ಎನ್ನುವುದು. ಕಾಯುವಾಗ ಅಕ್ಕಪಕ್ಕದವರ ಮಾತು ಕೇಳಿಸಿಕೊಂಡೆ, ಕಿವಿ ಇದ್ದವರಿಗೆ ಬೇರೆ ಕೆಲಸವೇನು. ಒಂದು ಕುಟುಂಬ ಹೈದರಾಬಾದಿನದು, ಮಧ್ಯಾಹ್ನದ ವಿಮಾನಕ್ಕೆ ಹೊರಟದ್ದು. ನಾಲ್ವರು ಹುಡುಗಿಯರು ಪಟ್ಟಿ ಮಾಡಿಕೊಂಡು ಬಂದವರು, ಮುಂದಿನದು ನಂದಿಬೆಟ್ಟ. ನನ್ನ ಮುಂದಿದ್ದವರು ಜೈಪುರದವರು. ಆ ಬೀದಿಯಲ್ಲೇ ವಾಸವಿದ್ದು ದಿನಾ ಬೆಳಿಗ್ಗೆ ಪತ್ರಿಕೆ ಹಿಡಿದು ಬರುವ ಮುದುಕರೊಬ್ಬರೂ ಅಲ್ಲಿರಲಿಲ್ಲ. ಬಂದರೂ ಅವರಿಗೆ ನಿಲ್ಲಲು ತಾಣವಿಲ್ಲ. ಎಲ್ಲರದೂ ನನ್ನ ಹಾಗೆ ಮೊದಲ ಭೇಟಿ. ಮೊದಲ ಸಲ ಬಂದವರಿಂದಲೇ ಹೋಟೆಲು ತುಂಬುವುದಾದರೆ ಮಾಲೀಕರು ಯಾರನ್ನೂ ಎರಡನೆಯ ಸಲ ಕರೆಸಬೇಕಾಗಿಲ್ಲ. ಊರು ಅಷ್ಟು ದೊಡ್ಡದು, ವಿಮಾನಗಳು ಅಷ್ಟು ಹೆಚ್ಚು. ಬೇಸರಗೊಂಡು ಹೋದವನ ಜಾಗಕ್ಕೆ ನಾಳೆ ಇನ್ನೊಬ್ಬ ಮೊಬೈಲು ಎತ್ತಿಕೊಂಡು ಬರುತ್ತಾನೆ. ದಿನಬಳಕೆಯ ಗಿರಾಕಿಯ ಕೈಯಲ್ಲಿ ಮಾತ್ರ ಒಂದು ಅಸ್ತ್ರವಿರುತ್ತದೆ: ನಾಳೆಯಿಂದ ಎದುರಿನ ಹೋಟೆಲಿಗೆ ಹೋಗುವುದು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೂ ಹೊರಗಿನವರು ಹಿಂಡುಗಟ್ಟಿ ಬರುತ್ತಾರೆ, ಮುಂಗೈಯಿಂದ ಭುಜದವರೆಗೆ ತಟ್ಟೆ ಪೇರಿಸಿಕೊಂಡು ಬರುವ ಸಪ್ಲೈಯರ್‌ನ ಚಿತ್ರ ಅವರೂ ತೆಗೆಯುತ್ತಾರೆ. ಆದರೆ ಅಲ್ಲಿ 1943ರಿಂದ ಬಸವನಗುಡಿಯವರೂ ಬರುತ್ತಿದ್ದಾರೆ, ಪಕ್ಕದ ಕುರ್ಚಿಯಲ್ಲಿ ಅವರು ಕೂತಿರುತ್ತಾರೆ, ಅವರಿಗೆ ಬೇರೆ ದೋಸೆ ಹುಯ್ದು ಹೊರಗಿನವರಿಗೆ ಬೇರೆ ಹುಯ್ಯಲು ಬರುವುದಿಲ್ಲ. ಮೊದಲ ಸಲ ಹೋದವನು ಊರಿನವರ ಹಟಮಾರಿತನದ ಲಾಭ ಪಡೆಯುತ್ತಾನೆ.

ಮಾಟುಂಗಾದಲ್ಲೂ ಇದೇ ಆಯಿತು. ಆ ಹೋಟೆಲುಗಳು ಹೆಸರು ಮಾಡಿದ್ದು ಪ್ರವಾಸಿಗಳಿಂದಲ್ಲ. ದಕ್ಷಿಣದಿಂದ ಕೆಲಸ ಹುಡುಕಿಕೊಂಡು ಬಂದು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು, ಕೋಣೆ ಹಂಚಿಕೊಂಡು ಬದುಕಿದ ಗುಮಾಸ್ತರು ದಿನಕ್ಕೆ ಎರಡು ಹೊತ್ತು ಅಲ್ಲಿ ಉಂಡರು. ಬೋರ್ಡಿಂಗ್ ಎಂಬ ಹೆಸರೇ ಅದರದ್ದು. ತಿಂಗಳಿಡೀ ಉಣ್ಣುವವನಿಗೆ ಮೊಳ ಎತ್ತರದಿಂದ ತುಪ್ಪ ಸುರಿದು ಏನು ಪ್ರಯೋಜನ? ಅವನಿಗೆ ಹೊಟ್ಟೆ ಕೆಡದ ಸಾರು ಬೇಕು, ಮಂಗಳವಾರದ ಪಲ್ಯ ಬುಧವಾರಕ್ಕೆ ಬರಬಾರದು. ಅಂಥವರು ಬೈದು ಬೈದು ತಿದ್ದಿದ ಅಡುಗೆ ಅದು. ಇಂದು ಅದನ್ನು ಉಣ್ಣಲು ಅಂಧೇರಿಯಿಂದ ಕಾರಿನಲ್ಲಿ ಬರುವವರಿಗೆ ಆ ಬೈಗುಳದ ಬಡ್ಡಿ ಸಿಗುತ್ತಿದೆ.

ಬೆಂಗಳೂರಿನ ಹಳಬರಿಗೂ ಈ ಹಟ ಇತ್ತು. 1924ರಲ್ಲಿ ಉಡುಪಿ ಕಡೆಯ ಮಯ್ಯ ಸಹೋದರರು ಶುರುಮಾಡಿದ ಎಂಟಿಆರ್‌ನಲ್ಲಿ ಗಿರಾಕಿಗಳು ಅಡುಗೆಮನೆಯನ್ನು ಹಾದುಕೊಂಡೇ ಊಟದ ಕೋಣೆಗೆ ಹೋಗುವ ವ್ಯವಸ್ಥೆಯಿತ್ತು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದರು. ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳ ಬೆಲೆಯನ್ನು ಕಟ್ಟಿಹಾಕಿದಾಗ, ಆ ಬೆಲೆಗೆ ತಮ್ಮ ಗುಣಮಟ್ಟ ಹೊಂದದೆಂದು ಹೋಟೆಲನ್ನೇ ಮುಚ್ಚಿ ಪುಡಿ, ಮಿಶ್ರಣಗಳ ವ್ಯಾಪಾರಕ್ಕೆ ತಿರುಗಿದರು, ಮತ್ತೆ ತೆರೆದದ್ದು ವರ್ಷಗಳ ಬಳಿಕ. ಅಗ್ಗದ ತುಪ್ಪ ಹಾಕಿ ಗಲ್ಲಾ ನಡೆಸಬಹುದಿತ್ತು. ನಡೆಸಲಿಲ್ಲ. ಹೊಸ ಹೋಟೆಲಿನವರು ಧಾರಾಳವಾಗಿ ತುಪ್ಪ ಸುರಿಯುತ್ತಾರೆ, ಅದರಲ್ಲಿ ಜಿಪುಣತನವಿಲ್ಲ. ಜಿಪುಣತನ ಇರುವುದು ಸಮಯದಲ್ಲಿ. ಹಿಟ್ಟಿಗೆ ಹುಳಿಯಲು ಒಂದು ರಾತ್ರಿ, ಕಾವಲಿಗೆ ಕಾಯಲು ಒಂದು ನಿಮಿಷ, ಕೇಳಲು ಒಬ್ಬ ಮನುಷ್ಯನ ಎರಡು ಕಿವಿ.

ಅಳಿಯನ ಕೊನೆಯ ಸಲಹೆ: ವಾರದ ದಿನ, ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ ಮಾವ, ಜನ ಕಡಿಮೆ, ದೋಸೆ ಚೆನ್ನಾಗಿರುತ್ತದೆ. ಇರಬಹುದು, ಕಾವಲಿಗೆ ಬಿಡುವು ಸಿಕ್ಕಿದರೆ ಇರಲೇಬೇಕು. ಆದರೆ ಹೆಸರಾದ ಹೋಟೆಲೊಂದರಲ್ಲಿ ಒಳ್ಳೆಯ ದೋಸೆ ತಿನ್ನಲು ಅದು ಹೆಸರಾಗಿಲ್ಲದಂಥ ಹೊತ್ತು ನೋಡಿ ಹೋಗಬೇಕು ಎನ್ನುವುದು ನನಗೆ ತಮಾಷೆಯಾಗಿ ಕಂಡಿತು. ಅವನಿಗೆ ಅದರಲ್ಲಿ ತಮಾಷೆ ಕಾಣಲಿಲ್ಲ. ಬೆಂಗಳೂರಿನಲ್ಲಿ ಎಲ್ಲಕ್ಕೂ ಹೊತ್ತು ನೋಡಿ ಹೊರಡಬೇಕು, ದೋಸೆಯೇನು ದೊಡ್ಡದು ಎಂದ. ಟ್ರಾಫಿಕ್ಕಿನಲ್ಲಿ ಬೆಳೆದ ಹುಡುಗ.

ಮುಂಬಯಿಗೆ ಮರಳಿದ ಮೇಲೆ ಇದನ್ನೆಲ್ಲ ನಮ್ಮ ಡೊಂಬಿವಲಿಯ ಹೋಟೆಲಿನ ಗಲ್ಲಾದಲ್ಲಿ ಹೇಳಿಕೊಂಡೆ, ಬೆಂಗಳೂರನ್ನು ಬೈದರೆ ಅವರಿಗೆ ಖುಷಿಯಾದೀತು ಎಂದು. ಅವರು ಖುಷಿಪಡಲಿಲ್ಲ. ತಾವೂ ಬಿಲ್ಲಿನ ಯಂತ್ರ ತರಿಸುವವರಿದ್ದಾರಂತೆ. ಮೇಜುಗಳಲ್ಲಿ ಅರ್ಧ ತೆಗೆದು ಕಟ್ಟೆ ಕಟ್ಟಿಸುವ ಯೋಚನೆಯಿದೆಯಂತೆ. “ನಮ್ಮ ಕಾಲದಲ್ಲಿ ಊರಿಂದ ಹುಡುಗರು ಬರುತ್ತಿದ್ದರು ಭಟ್ರೇ” ಎಂದರು. “ಹಗಲು ಲೋಟ ತೊಳೆದು ರಾತ್ರಿ ಶಾಲೆಗೆ ಹೋಗುತ್ತಿದ್ದರು. ನಾನೂ ಹಾಗೇ ಓದಿದವನು. ಈಗ ನಮ್ಮೂರಿನ ಹುಡುಗರು ಯಾರು ಬರುತ್ತಾರೆ? ಬಂದ ಬಿಹಾರದ ಹುಡುಗ ಮಸಾಲೆ, ಸಾದಾ ಕಲಿಯುವಷ್ಟರಲ್ಲಿ ಬೇರೆ ಕಡೆ ಸಾವಿರ ಜಾಸ್ತಿ ಸಿಕ್ಕಿತೆಂದು ಹೋಗುತ್ತಾನೆ.”

ಅವರು ಹೇಳಿದ್ದು ಸರಿ. ಮುಂಬಯಿಯಲ್ಲಿ ಕನ್ನಡದ ರಾತ್ರಿ ಶಾಲೆಗಳು ಇದ್ದದ್ದೇ ಹೋಟೆಲು ಹುಡುಗರಿಗಾಗಿ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರಲ್ಲಿ ಹುಟ್ಟಿದ ಬಂಟರ ಸಂಘ, ಇವೆಲ್ಲ ಬೆಳೆದದ್ದು ಆ ವಲಸೆಯ ಮೇಲೆ. ಆ ಹುಡುಗರಲ್ಲಿ ಎಷ್ಟೋ ಜನ ಮುಂದೆ ಮಾಲೀಕರಾದರು, ಲೋಟ ತೊಳೆದವರು ಗಲ್ಲಾದಲ್ಲಿ ಕೂತರು. ಹಾಗಾಗಿಯೇ ಅವರಿಗೆ ಲೋಟದ ಅಂಚಿನ ಕಲೆ ದೂರದಿಂದ ಕಾಣುತ್ತಿತ್ತು. ಆ ಏಣಿಯ ಕೆಳಗಿನ ಮೆಟ್ಟಿಲು ಈಗ ಖಾಲಿ. ಊರಿನ ಹುಡುಗರು ಓದಿ ಮಂಗಳೂರು, ಬೆಂಗಳೂರು, ದುಬೈ ಸೇರಿದರು, ಒಳ್ಳೆಯದೇ ಆಯಿತು. ಲೋಟ ತೊಳೆಯಲು ಹೋಗಬೇಕಿತ್ತು ಎಂದು ನಾನು ಯಾವ ಬಾಯಿಂದ ಹೇಳಲಿ?

“ಯಂತ್ರ ತನ್ನಿ” ಎಂದೆ. “ಕಟ್ಟೆಯನ್ನೂ ಕಟ್ಟಿಸಿ. ಆದರೆ ಈ ಕುರ್ಚಿ ಇಲ್ಲೇ ಇರಲಿ, ತಿನ್ನುವವರ ಕಡೆ ಮುಖ ಮಾಡಿ. ದುಡ್ಡು ಮೊದಲೇ ತೆಗೆದುಕೊಂಡರೂ ಅಡ್ಡಿಯಿಲ್ಲ, ಕೇಳುವವರು ಒಬ್ಬರಿರಬೇಕು.”

ಅವರು ಸೋಂಪಿನ ಬಟ್ಟಲನ್ನು ನನ್ನ ಕಡೆ ಸರಿಸಿದರು. “ಕುರ್ಚಿ ಇರುತ್ತದೆ. ಕೂರುವವರನ್ನು ನೀವು ಹುಡುಕಿಕೊಡಿ. ಮಗ ಪುಣೆಯಲ್ಲಿ ಸಾಫ್ಟ್‌ವೇರಿನಲ್ಲಿದ್ದಾನೆ, ಮಗಳು ಕೆನಡಾಕ್ಕೆ ಹೊರಟಿದ್ದಾಳೆ. ನನ್ನ ಮಂಡಿಗೆ ಡಾಕ್ಟರು ಡಿಸೆಂಬರಿಗೆ ದಿನ ಕೊಟ್ಟಿದ್ದಾರೆ” ಎಂದು ನನ್ನ ಹಿಂದೆ ನಿಂತಿದ್ದವರ ಬಿಲ್ಲಿಗೆ ಕೈ ಚಾಚಿದರು.